ಸೇವ್ ಒತ್ತಿದರೂ ಉಳಿಯದ ಫೈಲು

ಯಾವುದೇ ತಂತ್ರಾಂಶದಲ್ಲಿ ಎಫ್1 ಒತ್ತಿದಾಗ ತೆರೆದುಕೊಳ್ಳುವ ಸಹಾಯ ಪುಟಗಳನ್ನು ಯಾರೋ ಒಬ್ಬರು ಕುಳಿತು ಬರೆದಿರುತ್ತಾರೆ. ಹಾಗೆ ಬರೆಯುವವರು ಬಳಸುವ ಹೆಲ್ಪ್ ಆಥರಿಂಗ್ ತಂತ್ರಾಂಶಗಳಲ್ಲಿ ಫೈಲ್ ಸೇವ್ ಆಗದೆ ಸತಾಯಿಸುವ ಬಗ್ಗೆ ಬಂದ ಪತ್ರಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಪತ್ರ ಬರೆದವರೆಲ್ಲರೂ ವಿಂಡೋಸ್ ಬಳಸುವವರಾದ್ದರಿಂದ ಉತ್ತರಗಳೂ ಅದಕ್ಕೇ ಸೀಮಿತವಾಗಿವೆ. ತಂತ್ರಾಂಶಗಳ ಹೆಸರನ್ನು ಬೇಕೆಂದೇ ಕೈಬಿಟ್ಟಿದ್ದೇವೆ. ಪತ್ರಗಳನ್ನೆಲ್ಲ ಓದಿದ ಮೇಲೆ ನಮಗೆ ಕಂಡದ್ದೇನೆಂದರೆ, ಒಂದೆರಡನ್ನು ಬಿಟ್ಟರೆ ಉಳಿದ ಕಡೆಗಳಲ್ಲಿ ತೊಡಕು ಇರುವುದು ತಂತ್ರಾಂಶದಲ್ಲಲ್ಲ, ಅದು ಫೈಲನ್ನು ಇಡಲು ಹೋದ ಜಾಗದಲ್ಲಿ.

ಪ್ರಶ್ನೆ: ಒಂದು ಟಾಪಿಕ್ (ಒಂದು ಸಹಾಯ ಪುಟ) ಮೇಲೆ ಎರಡು ಗಂಟೆ ಕೆಲಸ ಮಾಡಿ ಸೇವ್ ಒತ್ತಿದೆ. ಅನುಮತಿ ಇಲ್ಲ, ಫೈಲ್ ಉಳಿಸಲಾಗಲಿಲ್ಲ ಎಂಬ ಸಂದೇಶ ಬಂತು. ಮತ್ತೆ ಮತ್ತೆ ಒತ್ತಿದಾಗ ಐದಾರನೆಯ ಸಲಕ್ಕೆ ತಾನಾಗಿಯೇ ಉಳಿಯಿತು. ಮರುದಿನವೂ ಇದೇ ಕಥೆ. ತಂತ್ರಾಂಶವನ್ನು ತೆಗೆದುಹಾಕಿ ಹೊಸದಾಗಿ ಹಾಕಿಕೊಂಡೆ, ಪ್ರಯೋಜನವಾಗಲಿಲ್ಲ. ನನ್ನ ಪ್ರಾಜೆಕ್ಟ್ ಇರುವುದು ಕ್ಲೌಡ್‌ಗೆ ಸಿಂಕ್ ಆಗುವ ಫೋಲ್ಡರಿನಲ್ಲಿ.

ಉತ್ತರ: ಕಾರಣ ಹುಡುಕುವುದಕ್ಕಿಂತ ಮೊದಲು ಬರಹವನ್ನು ಕಾಪಾಡಿಕೊಳ್ಳಬೇಕು. ದೋಷಸಂದೇಶ ಕಂಡ ಕೂಡಲೇ ಗಾಬರಿಯಿಂದ ತಂತ್ರಾಂಶವನ್ನು ಮುಚ್ಚಿಬಿಡುವವರು ಬಹಳ ಮಂದಿ. ಆದರೆ ಆ ಹೊತ್ತಿನಲ್ಲಿ ನಿಮ್ಮ ಎರಡು ಗಂಟೆಯ ಕೆಲಸ ಇರುವುದು ಕಂಪ್ಯೂಟರಿನ ಮೆಮೊರಿಯಲ್ಲಿ ಮಾತ್ರ. ಟಾಪಿಕ್‌ನ ಕೋಡ್ ನೋಟಕ್ಕೆ (ಬರಹವನ್ನು ಅದರ ಟ್ಯಾಗ್‌ಗಳ ಸಮೇತ ತೋರಿಸುವ ನೋಟಕ್ಕೆ) ಹೋಗಿ, ಎಲ್ಲವನ್ನೂ ಆಯ್ದು ಕಾಪಿ ಮಾಡಿ, ನೋಟ್‌ಪ್ಯಾಡಿಗೆ ಪೇಸ್ಟ್ ಮಾಡಿ, ಪ್ರಾಜೆಕ್ಟ್‌ಗೆ ಸಂಬಂಧವಿಲ್ಲದ ಬೇರೊಂದು ಫೋಲ್ಡರಿನಲ್ಲಿ ಉಳಿಸಿ. ಉಳಿಸುವಾಗ ಎನ್‌ಕೋಡಿಂಗ್, ಅಂದರೆ ಅಕ್ಷರಗಳನ್ನು ಸಂಕೇತಗಳಾಗಿ ಬರೆದಿಡುವ ವಿಧಾನ, ಯುಟಿಎಫ್-8 ಎಂದು ಇದೆಯೇ ನೋಡಿಕೊಳ್ಳಿ. ವಿಂಡೋಸ್ 10ರ 1903ನೇ ಆವೃತ್ತಿಯಿಂದ, ಅಂದರೆ 2019ರಿಂದ, ನೋಟ್‌ಪ್ಯಾಡ್ ತಾನಾಗಿಯೇ ಇದನ್ನು ಆರಿಸಿಕೊಳ್ಳುತ್ತದೆ. ಅದಕ್ಕಿಂತ ಹಳೆಯದರಲ್ಲಿ ಎಎನ್‌ಎಸ್‌ಐ ಎಂಬ ಹಳೆಯ ವಿಧಾನವೇ ಇದ್ದುಬಿಟ್ಟರೆ ಕನ್ನಡ ಅಕ್ಷರಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿ ಉಳಿಯುತ್ತವೆ, ಮತ್ತೆಂದೂ ಅಕ್ಷರಗಳಾಗುವುದಿಲ್ಲ.

ಇನ್ನು ಕಾರಣದ ಮಾತು. ನಾವು ಸೇವ್ ಎಂದು ಒಂದೇ ಪದದಲ್ಲಿ ಹೇಳುವುದು ಒಳಗೆ ಮೂರು ನಾಲ್ಕು ಕೆಲಸಗಳ ಸಾಲು. ಬಹಳಷ್ಟು ತಂತ್ರಾಂಶಗಳು ಹಳೆಯ ಫೈಲಿನ ಮೇಲೆ ನೇರವಾಗಿ ಬರೆಯುವುದಿಲ್ಲ. ಅದೇ ಫೋಲ್ಡರಿನಲ್ಲಿ ಒಂದು ತಾತ್ಕಾಲಿಕ ಫೈಲನ್ನು ಹುಟ್ಟಿಸಿ, ಹೊಸ ಬರಹವನ್ನು ಅದರಲ್ಲಿ ತುಂಬಿ, ಅದು ಪೂರ್ತಿಯಾದ ಮೇಲೆ ಹಳೆಯದನ್ನು ತೆಗೆದು, ಅದರ ಹೆಸರನ್ನು ಹೊಸದಕ್ಕೆ ಇಡುತ್ತವೆ. ನಡುವೆ ವಿದ್ಯುತ್ ಕೈಕೊಟ್ಟರೂ ಹಳೆಯ ಫೈಲಾದರೂ ಉಳಿದಿರಲಿ ಎಂಬ ಮುಂಜಾಗ್ರತೆ ಇದು. ಆದರೆ ಈ ಕೆಲಸಗಳ ನಡುವಿನ ಸಂದಿಯಲ್ಲೇ ಬೇರೆಯವರು ಕೈ ಹಾಕುತ್ತಾರೆ. ಹೊಸ ಫೈಲೊಂದು ಹುಟ್ಟಿತೆಂದು ತಿಳಿದೊಡನೆ ಆಂಟಿವೈರಸ್ ಅದನ್ನು ತೆರೆದು ತಪಾಸಣೆ ಮಾಡುತ್ತದೆ. ಸಿಂಕ್ ಪ್ರೋಗ್ರಾಂ ಅದನ್ನು ಕ್ಲೌಡ್‌ಗೆ ಕಳಿಸಲು ಓದತೊಡಗುತ್ತದೆ. ಹುಡುಕಾಟದ ಸೂಚಿ ತಯಾರಿಸುವ ಸೇವೆಯೂ ಒಮ್ಮೆ ಇಣುಕುತ್ತದೆ. ಎಕ್ಸ್‌ಪ್ಲೋರರಿನ ಪ್ರಿವ್ಯೂ ಫಲಕ ತೆರೆದಿದ್ದು ಅದರಲ್ಲಿ ಇದೇ ಫೈಲು ಕಾಣುತ್ತಿದ್ದರೆ ಅದೂ ಹಿಡಿದುಕೊಳ್ಳುವವರ ಪೈಕಿಯೇ. ಇವೆಲ್ಲ ಕ್ಷಣಮಾತ್ರದ ಹಿಡಿತಗಳು. ಆ ಕ್ಷಣದಲ್ಲೇ ನಿಮ್ಮ ತಂತ್ರಾಂಶ ಹೆಸರು ಬದಲಿಸಲು ಹೋದರೆ ನಿರಾಕರಣೆ, ಸ್ವಲ್ಪ ತಡವಾಗಿ ಹೋದರೆ ಯಶಸ್ಸು. ಐದಾರನೆಯ ಸಲಕ್ಕೆ ಉಳಿಯಿತು ಎಂದಿರಲ್ಲ, ಅದೇ ದೊಡ್ಡ ಸುಳಿವು: ನಿಜವಾಗಿ ಅನುಮತಿಯೇ ಇಲ್ಲದಿದ್ದರೆ ಐವತ್ತು ಸಲ ಒತ್ತಿದರೂ ಉಳಿಯುತ್ತಿರಲಿಲ್ಲ.

ಹಾಗಾದರೆ ಸಂದೇಶ ಅನುಮತಿಯ ಮಾತನ್ನೇಕೆ ಆಡಿತು ಎಂದು ಕೇಳಬಹುದು. ವಿಂಡೋಸ್‌ನ ಲೆಕ್ಕದಲ್ಲಿ ದೋಷಸಂಖ್ಯೆ 5 ಎಂದರೆ ಅನುಮತಿ ಇಲ್ಲ, 32 ಎಂದರೆ ಫೈಲು ಬೇರೊಂದು ಪ್ರೋಗ್ರಾಮಿನ ಹಿಡಿತದಲ್ಲಿದೆ, 112 ಎಂದರೆ ಡಿಸ್ಕಿನಲ್ಲಿ ಜಾಗವಿಲ್ಲ, 206 ಎಂದರೆ ಹೆಸರು ಅಥವಾ ಪಾತ್ (ಫೈಲು ಇರುವ ಜಾಗದ ಪೂರ್ತಿ ವಿಳಾಸ) ತೀರಾ ಉದ್ದವಾಗಿದೆ. ನಿಮ್ಮದು 32 ಆಗಬೇಕಿತ್ತು. ಆದರೆ ಅಳಿಸು ಎಂದು ಹೇಳಿದ ಫೈಲನ್ನು ಮತ್ತೊಂದು ಪ್ರೋಗ್ರಾಂ ಇನ್ನೂ ಹಿಡಿದಿದ್ದರೆ, ಅದು ಕೈಬಿಡುವ ತನಕ ಆ ಹೆಸರಿನಲ್ಲಿ ಹೊಸ ಫೈಲು ತೆರೆಯಲು ಹೋದವರಿಗೆ ವಿಂಡೋಸ್ 5 ಎಂದೇ ಉತ್ತರಿಸುವುದುಂಟು. ಆದ್ದರಿಂದ ಸಂದೇಶದ ಪದಗಳನ್ನು ನೆಚ್ಚಿ ಫೋಲ್ಡರಿನ ಅನುಮತಿಗಳನ್ನೆಲ್ಲ ಬದಲಿಸಲು ಹೊರಡಬೇಡಿ.

ಹಿಡಿದವರು ಯಾರೆಂದು ಕಣ್ಣಾರೆ ನೋಡಬಹುದು. ಸ್ಟಾರ್ಟ್ ಮೆನುವಿನಲ್ಲಿ ರಿಸೋರ್ಸ್ ಮಾನಿಟರ್ ಎಂದು ಹುಡುಕಿ ತೆರೆದು, ಸಿಪಿಯು ಟ್ಯಾಬ್‌ನಲ್ಲಿ ಅಸೋಸಿಯೇಟೆಡ್ ಹ್ಯಾಂಡಲ್ಸ್ ಎಂಬ ಪಟ್ಟಿಯ ಪಕ್ಕದ ಹುಡುಕು ಪೆಟ್ಟಿಗೆಯಲ್ಲಿ ನಿಮ್ಮ ಟಾಪಿಕ್ ಫೈಲಿನ ಹೆಸರಿನ ಒಂದು ತುಣುಕನ್ನು ಬರೆಯಿರಿ. ಆ ಫೈಲನ್ನು ಹಿಡಿದಿರುವ ಪ್ರೋಗ್ರಾಮುಗಳ ಹೆಸರು ಕೆಳಗೆ ಸಾಲಾಗಿ ಬರುತ್ತದೆ. ಹಿಡಿತ ಕ್ಷಣಿಕವಾದ್ದರಿಂದ ದೋಷಸಂದೇಶ ಪರದೆಯ ಮೇಲಿರುವಾಗಲೇ ನೋಡಬೇಕು. ಅದಕ್ಕಿಂತ ಸುಲಭದ ಪರೀಕ್ಷೆಯೆಂದರೆ, ಸಿಂಕ್ ಪ್ರೋಗ್ರಾಮನ್ನು ಎರಡು ಗಂಟೆ ತಡೆಹಿಡಿದು ಕೆಲಸ ಮಾಡಿ ನೋಡುವುದು. ದೋಷ ಮರೆಯಾದರೆ ಪ್ರಾಜೆಕ್ಟನ್ನು ಸಿಂಕ್ ಆಗದ ಸ್ಥಳೀಯ ಫೋಲ್ಡರಿಗೆ ಸಾಗಿಸಿ, ದಿನದ ಕೊನೆಗೆ ಅದರ ಜಿಪ್ ಪ್ರತಿಯೊಂದನ್ನು ಕ್ಲೌಡ್ ಫೋಲ್ಡರಿಗೆ ಹಾಕುವ ರೂಢಿ ಮಾಡಿಕೊಳ್ಳಿ. ನೂರಾರು ಸಣ್ಣ ಫೈಲುಗಳು ಒಂದನ್ನೊಂದು ನಂಬಿಕೊಂಡು ನಿಂತಿರುವ ಪ್ರಾಜೆಕ್ಟ್‌ಗಳಿಗೆ ಸಿಂಕ್ ಫೋಲ್ಡರು ತಕ್ಕ ಜಾಗವಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ. ಒಂದು ಫೈಲು ಹೊಸದು, ಅದನ್ನು ಸೂಚಿಸುವ ಪರಿವಿಡಿ ಹಳೆಯದು ಎಂಬಂಥ ಅರೆಬರೆ ಸ್ಥಿತಿ ಅಲ್ಲಿ ಬಹಳ ಬೇಗ ಒದಗುತ್ತದೆ. ಸಿಂಕ್ ನಿಲ್ಲಿಸಿದರೂ ದೋಷ ಹೋಗದಿದ್ದರೆ ಆಗ ಆಂಟಿವೈರಸ್‌ನಲ್ಲಿ ಆ ಒಂದು ಪ್ರಾಜೆಕ್ಟ್ ಫೋಲ್ಡರಿಗೆ ಮಾತ್ರ ವಿನಾಯಿತಿ ಕೊಡಿಸಿ. ಇಡೀ ಆಂಟಿವೈರಸ್ ಆರಿಸಿಡುವ ಸಲಹೆಯನ್ನು ಯಾರು ಕೊಟ್ಟರೂ ಕೇಳಬೇಡಿ.

ಪ್ರಶ್ನೆ: ನನ್ನ ಹೊಸ ಕಂಪ್ಯೂಟರಿನಲ್ಲಿ ಡಾಕ್ಯುಮೆಂಟ್ಸ್ ಫೋಲ್ಡರಿಗೆ ಒಮ್ಮೆಯೂ ಸೇವ್ ಆಗುವುದಿಲ್ಲ, ಅದೇ ಪ್ರಾಜೆಕ್ಟ್ ಡಿ ಡ್ರೈವಿನಲ್ಲಿ ಸರಾಗವಾಗಿ ಉಳಿಯುತ್ತದೆ. ಫೋಲ್ಡರ್ ನನ್ನದೇ, ಅನುಮತಿಗಳೂ ಸರಿಯಾಗಿವೆ.

ಉತ್ತರ: ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್ ಎಂಬ ರಕ್ಷಣೆ ಚಾಲೂ ಇರುವಂತಿದೆ. ಫೈಲುಗಳನ್ನು ಗೂಢಲಿಪಿಗೆ ತಿರುಗಿಸಿ ಹಣ ಕೇಳುವ ದುಷ್ಟ ತಂತ್ರಾಂಶಗಳನ್ನು ತಡೆಯಲು 2017ರಲ್ಲಿ, ವಿಂಡೋಸ್ 10ರ 1709ನೇ ಆವೃತ್ತಿಯೊಂದಿಗೆ, ಇದನ್ನು ಸೇರಿಸಲಾಯಿತು. ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಮೊದಲಾದ ಫೋಲ್ಡರುಗಳಲ್ಲಿ ತನಗೆ ಪರಿಚಯವಿಲ್ಲದ ಪ್ರೋಗ್ರಾಮುಗಳು ಬರೆಯದಂತೆ ಅದು ಕಾಯುತ್ತದೆ. ಹೆಲ್ಪ್ ಆಥರಿಂಗ್ ತಂತ್ರಾಂಶಗಳನ್ನು ಬಳಸುವವರು ಕಡಿಮೆಯಾದ್ದರಿಂದ ಅವು ಅಪರಿಚಿತರ ಪಟ್ಟಿಗೆ ಸುಲಭವಾಗಿ ಬೀಳುತ್ತವೆ. ವಿಂಡೋಸ್ ಸೆಕ್ಯುರಿಟಿಯ ಪ್ರೊಟೆಕ್ಷನ್ ಹಿಸ್ಟರಿಯಲ್ಲಿ ತಡೆದ ದಾಖಲೆ ಇರುತ್ತದೆ. ಅಲ್ಲಿಂದಲೇ ಆ ಪ್ರೋಗ್ರಾಮಿಗೆ ಒಪ್ಪಿಗೆ ಕೊಡಬಹುದು. ಸಹಾಯ ಪುಟಗಳನ್ನು ಕಟ್ಟುವ ಕಂಪೈಲರ್ ಪ್ರತ್ಯೇಕ ಪ್ರೋಗ್ರಾಂ ಆಗಿದ್ದರೆ ಅದಕ್ಕೂ ಬೇರೆಯಾಗಿ ಕೊಡಬೇಕಾಗುತ್ತದೆ.

ಪ್ರಶ್ನೆ: ಹಳೆಯದೊಂದು ಹೆಲ್ಪ್ ತಂತ್ರಾಂಶ ಬಳಸುತ್ತಿದ್ದೇನೆ. ಸೇವ್ ಒತ್ತಿದರೆ ಯಾವ ದೋಷವೂ ಬರುವುದಿಲ್ಲ, ಮತ್ತೆ ತೆರೆದರೆ ಹೊಸ ಬರಹ ಕಾಣುತ್ತದೆ. ಆದರೆ ಎಕ್ಸ್‌ಪ್ಲೋರರಿನಲ್ಲಿ ನೋಡಿದರೆ ಫೈಲಿನ ದಿನಾಂಕ ಹೋದ ತಿಂಗಳದ್ದು. ಸಹೋದ್ಯೋಗಿ ತಮ್ಮ ಲಾಗಿನ್‌ನಿಂದ ತೆರೆದಾಗ ಅವರಿಗೆ ಹಳೆಯ ಬರಹವೇ ಸಿಗುತ್ತದೆ.

ಉತ್ತರ: ಪ್ರಾಜೆಕ್ಟನ್ನು ಪ್ರೋಗ್ರಾಂ ಫೈಲ್ಸ್ ಫೋಲ್ಡರಿನ ಒಳಗೆ, ತಂತ್ರಾಂಶದ ಪಕ್ಕದಲ್ಲೇ ಇಟ್ಟಿದ್ದೀರಿ ಎಂದು ಊಹಿಸುತ್ತೇವೆ. 2007ರಲ್ಲಿ ಬಂದ ವಿಂಡೋಸ್ ವಿಸ್ತಾದಿಂದ ಈಚೆಗೆ ಆ ಫೋಲ್ಡರಿನಲ್ಲಿ ಸಾಮಾನ್ಯ ಬಳಕೆದಾರರು ಬರೆಯುವಂತಿಲ್ಲ. ಆದರೆ ಅದಕ್ಕೂ ಹಿಂದಿನ ತಂತ್ರಾಂಶಗಳು ಒಮ್ಮೆಲೇ ಕೆಟ್ಟು ನಿಲ್ಲಬಾರದೆಂದು ಒಂದು ಉಪಾಯ ಮಾಡಲಾಯಿತು: ಅವು ಅಲ್ಲಿ ಬರೆಯಲು ಹೋದಾಗ ವಿಂಡೋಸ್ ಬೇಡವೆನ್ನದೆ, ಬರಹವನ್ನು ಸದ್ದಿಲ್ಲದೆ ಬಳಕೆದಾರರ ಸ್ವಂತ ಜಾಗಕ್ಕೆ ತಿರುಗಿಸುತ್ತದೆ, ಮತ್ತೆ ಓದಲು ಹೋದಾಗ ಅದೇ ಪ್ರತಿಯನ್ನು ಮುಂದಿಡುತ್ತದೆ. ಹೀಗೆ ತಂತ್ರಾಂಶಕ್ಕೆ ಹೊಸ ಫೈಲು, ಎಕ್ಸ್‌ಪ್ಲೋರರಿಗೆ ಹಳೆಯ ಫೈಲು. ನಿಮ್ಮ ಬಳಕೆದಾರ ಫೋಲ್ಡರಿನಲ್ಲಿ ಆಪ್‌ಡೇಟಾ, ಅದರೊಳಗೆ ಲೋಕಲ್, ಅದರೊಳಗೆ ವರ್ಚುವಲ್‌ಸ್ಟೋರ್ ಎಂಬುದನ್ನು ತೆರೆಯಿರಿ. ಆಪ್‌ಡೇಟಾ ಅಡಗಿಸಿಟ್ಟ ಫೋಲ್ಡರು, ಹಾಗಾಗಿ ಎಕ್ಸ್‌ಪ್ಲೋರರಿನ ವ್ಯೂ ಮೆನುವಿನಲ್ಲಿ ಅಡಗಿದವುಗಳನ್ನು ತೋರಿಸಲು ಹೇಳಬೇಕು. ನೀವು ಈ ತಿಂಗಳು ಬರೆದದ್ದೆಲ್ಲ ಅಲ್ಲಿರುತ್ತದೆ. ಅದನ್ನು ನಿಮ್ಮ ಸ್ವಂತ ಫೋಲ್ಡರೊಂದಕ್ಕೆ ಕಾಪಿ ಮಾಡಿಕೊಂಡು, ಇನ್ನು ಮುಂದೆ ಪ್ರಾಜೆಕ್ಟನ್ನು ಅಲ್ಲಿಂದಲೇ ತೆರೆಯಿರಿ. ದೋಷಸಂದೇಶ ಬಾರದ ದೋಷಗಳೇ ಹೆಚ್ಚು ಕಾಡುವಂಥವು. ಇದು ಅಂಥದ್ದರಲ್ಲಿ ಒಂದು.

ಪ್ರಶ್ನೆ: ತಂತ್ರಾಂಶವನ್ನು ಅಡ್ಮಿನಿಸ್ಟ್ರೇಟರ್ ಆಗಿ ನಡೆಸಿದರೆ ಇಂಥ ತೊಂದರೆಗಳೆಲ್ಲ ಹೋಗುತ್ತವೆ ಎಂದು ಸ್ನೇಹಿತರು ಹೇಳಿದರು. ಹಾಗೆ ಮಾಡಿದಾಗ ನೆಟ್‌ವರ್ಕ್‌ನಲ್ಲಿರುವ ನಮ್ಮ ಝಡ್ ಡ್ರೈವೇ ಮಾಯವಾಯಿತು.

ಉತ್ತರ: ಅದು ನಿರೀಕ್ಷಿತವೇ. ಸಾಮಾನ್ಯ ಬಳಕೆದಾರರಾಗಿ ಜೋಡಿಸಿಕೊಂಡ ನೆಟ್‌ವರ್ಕ್ ಡ್ರೈವುಗಳು ಅಡ್ಮಿನಿಸ್ಟ್ರೇಟರ್ ಅಧಿಕಾರದಲ್ಲಿ ನಡೆಯುವ ಪ್ರೋಗ್ರಾಮಿಗೆ ಕಾಣುವುದಿಲ್ಲ, ಏಕೆಂದರೆ ವಿಂಡೋಸ್ ಅವೆರಡನ್ನೂ ಬೇರೆ ಬೇರೆ ಲಾಗಿನ್‌ಗಳೆಂದು ಎಣಿಸುತ್ತದೆ. ಮಾಮೂಲಿನಂತೆ ನಡೆಸಿ. ನೆಟ್‌ವರ್ಕ್ ಫೋಲ್ಡರಿನಲ್ಲಿ ಫೈಲು ತಿದ್ದುವ ಅನುಮತಿಯ ಜೊತೆಗೆ, ಹೊಸ ಫೈಲು ಹುಟ್ಟಿಸುವ ಮತ್ತು ಅಳಿಸುವ ಅನುಮತಿಯೂ ನಿಮಗಿದೆಯೇ ಎಂದು ಅದನ್ನು ನೋಡಿಕೊಳ್ಳುವವರಲ್ಲಿ ಕೇಳಿ. ಮೊದಲ ಉತ್ತರದಲ್ಲಿ ಹೇಳಿದ ತಾತ್ಕಾಲಿಕ ಫೈಲಿನ ಆಟಕ್ಕೆ ಈ ಮೂರೂ ಬೇಕು.

ಪ್ರಶ್ನೆ: ಟಾಪಿಕ್‌ಗಳಿಗೆ ಕನ್ನಡದಲ್ಲೇ ಹೆಸರಿಡುತ್ತೇನೆ. ಕೆಲವು ಉಳಿಯುತ್ತವೆ, ಕೆಲವು ಉಳಿಯುವುದಿಲ್ಲ. ಒಂದು ಫೈಲಂತೂ ಅರ್ಧ ಹೆಸರಿನೊಂದಿಗೆ, ಸೊನ್ನೆ ಗಾತ್ರದಲ್ಲಿ ಕಾಣುತ್ತಿದೆ. ಕನ್ನಡ ಹೆಸರು ತಪ್ಪೇ?

ಉತ್ತರ: ತಪ್ಪಲ್ಲ. ವಿಂಡೋಸ್‌ನ ಎನ್‌ಟಿಎಫ್‌ಎಸ್ ಫೈಲ್ ವ್ಯವಸ್ಥೆ ಯುನಿಕೋಡ್ ಹೆಸರುಗಳನ್ನು ಯಾವ ತಕರಾರೂ ಇಲ್ಲದೆ ಒಪ್ಪುತ್ತದೆ. ತೊಡಕು ಹುಟ್ಟುವುದು ಉದ್ದದಲ್ಲಿ, ಮತ್ತು ಹೆಸರಿನೊಳಗೆ ನುಸುಳುವ ಚಿಹ್ನೆಗಳಲ್ಲಿ.

ಸೊನ್ನೆ ಗಾತ್ರದ ಫೈಲಿನಿಂದಲೇ ಪ್ರಾರಂಭಿಸೋಣ. ಆ ಟಾಪಿಕ್‌ನ ಶೀರ್ಷಿಕೆಯಲ್ಲಿ ವಿವರಣಾ ಚಿಹ್ನೆ, ಅಂದರೆ ಕೋಲನ್, ಇತ್ತೇ ನೆನಪಿಸಿಕೊಳ್ಳಿ. ಹಲವು ತಂತ್ರಾಂಶಗಳು ಶೀರ್ಷಿಕೆಯನ್ನೇ ಫೈಲಿನ ಹೆಸರಾಗಿ ಹೊಲಿದುಬಿಡುತ್ತವೆ. ಎನ್‌ಟಿಎಫ್‌ಎಸ್‌ನಲ್ಲಿ ಕೋಲನ್‌ಗೆ ಬೇರೆಯೇ ಅರ್ಥವಿದೆ: ಅದಕ್ಕಿಂತ ಮೊದಲು ಬರುವುದು ಫೈಲಿನ ಹೆಸರು, ಅದರ ನಂತರ ಬರುವುದು ಆ ಫೈಲಿಗೆ ಅಂಟಿಕೊಂಡ ಮತ್ತೊಂದು ಗುಪ್ತ ಹರಿವಿನ, ಅಂದರೆ ಎಕ್ಸ್‌ಪ್ಲೋರರಿನಲ್ಲಿ ಕಾಣದ ಭಾಗದ, ಹೆಸರು. ಹಾಗಾಗಿ ನಿಮ್ಮ ಬರಹವೆಲ್ಲ ಆ ಹರಿವಿಗೆ ಹೋಗಿ, ಮುಖ್ಯ ಫೈಲು ಖಾಲಿ ಉಳಿದಿರುವ ಸಾಧ್ಯತೆ ಬಹಳ. ಉಳಿದ ನಿಷಿದ್ಧ ಚಿಹ್ನೆಗಳಾದ ? * " | / \ < > ಇಷ್ಟು ಮೋಸ ಮಾಡುವುದಿಲ್ಲ. ಉದಾಹರಣೆಗೆ, ಏನು ಮಾಡಬೇಕು? ಎಂದು ಮುಗಿಯುವ ಶೀರ್ಷಿಕೆ ಫೈಲಿನ ಹೆಸರಾಗಲು ಹೋದರೆ ವಿಂಡೋಸ್ ನೇರವಾಗಿ ನಿರಾಕರಿಸುತ್ತದೆ. ಹೆಸರಿನ ಕೊನೆಯಲ್ಲಿ ಚುಕ್ಕಿಯಾಗಲಿ ಖಾಲಿ ಜಾಗವಾಗಲಿ ಇರದಂತೆಯೂ ನೋಡಿಕೊಳ್ಳಿ.

ಈಗ ಉದ್ದದ ವಿಚಾರ. ವಿಂಡೋಸ್‌ನ ಹಳೆಯ ನಿಯಮದಂತೆ ಡ್ರೈವಿನ ಅಕ್ಷರದಿಂದ ಮೊದಲುಗೊಂಡು ಫೈಲಿನ ಕೊನೆಯವರೆಗಿನ ಪೂರ್ತಿ ಪಾತ್ 260 ಅಕ್ಷರಸ್ಥಾನಗಳನ್ನು ಮೀರಬಾರದು, ಮತ್ತು ಅದರಲ್ಲಿ ಒಂದು ಕೊನೆಯ ಗುರುತಿಗೇ ಹೋಗುತ್ತದೆ. ಕನ್ನಡದಲ್ಲಿ ನಾವು ಕಣ್ಣಿನಿಂದ ಎಣಿಸುವ ಅಕ್ಷರಕ್ಕೂ ಕಂಪ್ಯೂಟರ್ ಎಣಿಸುವುದಕ್ಕೂ ಅಂತರವಿದೆ. ‘ಫೈಲನ್ನು ಉಳಿಸುವ ವಿಧಾನ’ ಎಂಬ ಹೆಸರನ್ನು ತೆಗೆದುಕೊಳ್ಳಿ. ನಮ್ಮ ಎಣಿಕೆಗೆ ಹತ್ತು ಅಕ್ಷರ. ಆದರೆ ‘ನ್ನು’ ಎಂಬುದೊಂದೇ ನಕಾರ, ಅರ್ಧಾಕ್ಷರದ ವಿರಾಮ, ಮತ್ತೊಂದು ನಕಾರ, ಉಕಾರದ ಗುಣಿತ ಎಂದು ನಾಲ್ಕು ಸ್ಥಾನ ತಿನ್ನುತ್ತದೆ. ಎರಡು ಖಾಲಿ ಜಾಗಗಳನ್ನೂ ಸೇರಿಸಿದರೆ ಒಟ್ಟು 20. ಇದೇ ಫೈಲನ್ನು ಲಿನಕ್ಸ್ ಆಧಾರಿತ ಸರ್ವರಿಗೆ ಕಳಿಸಿದರೆ ಅಲ್ಲಿ ಎಣಿಕೆ ಬೈಟ್‌ಗಳಲ್ಲಿ. ಯುಟಿಎಫ್-8ರಲ್ಲಿ ಪ್ರತಿ ಕನ್ನಡ ಸಂಕೇತಕ್ಕೆ 3 ಬೈಟ್, ಹೀಗಾಗಿ ಹೆಸರು 56 ಬೈಟ್ ಆಗುತ್ತದೆ. ಅಲ್ಲಿನ ಸಾಮಾನ್ಯ ಫೈಲ್ ವ್ಯವಸ್ಥೆಗಳಲ್ಲಿ ಒಂದು ಹೆಸರಿಗೆ 255 ಬೈಟ್ ಮಾತ್ರ ಇರುವುದರಿಂದ, ವಿಂಡೋಸ್‌ನಲ್ಲಿ ಸಲೀಸಾಗಿ ಉಳಿದ ನೂರು ಸ್ಥಾನದ ಕನ್ನಡ ಹೆಸರು ಅಲ್ಲಿಗೆ ಹೋದಾಗ ಮುಗ್ಗರಿಸುತ್ತದೆ. ವೆಬ್ ವಿಳಾಸದಲ್ಲಂತೂ ಪ್ರತಿ ಬೈಟ್ ಶೇಕಡಾ ಚಿಹ್ನೆಯೊಂದಿಗೆ ಮೂರು ಅಕ್ಷರಗಳಾಗಿ ಬಿಡಿಸಿಕೊಳ್ಳುತ್ತದೆ. ನಮ್ಮ ಹತ್ತು ಅಕ್ಷರದ ಹೆಸರು ಅಲ್ಲಿ 168 ಅಕ್ಷರಗಳ ರೈಲು.

ವಿಂಡೋಸ್ 10ರ 1607ನೇ ಆವೃತ್ತಿಯಿಂದ ಈಚೆಗೆ 260ರ ಮಿತಿಯನ್ನು ಸಡಿಲಿಸುವ ಒಂದು ಸೆಟ್ಟಿಂಗ್ ಇದೆ. ಅದನ್ನು ಚಾಲೂ ಮಾಡಿದ ಮಾತ್ರಕ್ಕೆ ಸಾಲದು, ಉದ್ದದ ಪಾತ್ ತನಗೆ ಒಗ್ಗುತ್ತದೆಂದು ತಂತ್ರಾಂಶವೂ ಘೋಷಿಸಿಕೊಂಡಿರಬೇಕು. ಹಳೆಯ ಹೆಲ್ಪ್ ತಂತ್ರಾಂಶಗಳಿಂದ ಅದನ್ನು ನಿರೀಕ್ಷಿಸುವಂತಿಲ್ಲ. ಆದ್ದರಿಂದ ಪ್ರಾಜೆಕ್ಟನ್ನು ಫೋಲ್ಡರಿನೊಳಗೆ ಫೋಲ್ಡರು ಎಂದು ಆಳಕ್ಕೆ ಇಳಿಸದೆ ಡ್ರೈವಿನ ಮೇಲ್ಮಟ್ಟದಲ್ಲೇ ಇಡಿ. ಫೈಲಿನ ಹೆಸರನ್ನು ಚಿಕ್ಕದಾಗಿ ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳಲ್ಲಿ ಇಟ್ಟು, ಓದುಗರಿಗೆ ಕಾಣುವ ಶೀರ್ಷಿಕೆಯನ್ನು ಕನ್ನಡದಲ್ಲಿ ಎಷ್ಟು ಉದ್ದ ಬೇಕಾದರೂ ಬರೆಯಿರಿ. ಕನ್ನಡಪರರಿಗೆ ಈ ಸಲಹೆ ಹಿಡಿಸಲಿಕ್ಕಿಲ್ಲ. ಆದರೆ ಫೈಲಿನ ಹೆಸರು ಯಂತ್ರಗಳ ನಡುವಿನ ಮಾತು, ಓದುಗರು ನೋಡುವುದು ಶೀರ್ಷಿಕೆಯನ್ನು. ಅಂದಹಾಗೆ, ನಿಮ್ಮ ಕೊನೆಯ ಉತ್ಪನ್ನ ಸಿಎಚ್‌ಎಂ (ಸಹಾಯ ಪುಟಗಳನ್ನೆಲ್ಲ ಒಂದೇ ಫೈಲಾಗಿ ಕಟ್ಟುವ ವಿಂಡೋಸ್‌ನ ಹಳೆಯ ರೂಪ) ಆಗಿದ್ದರೆ ಶೀರ್ಷಿಕೆಗೂ ಅಪಾಯವಿದೆ. 1997ರ ಸುಮಾರಿನ ಆ ವಿನ್ಯಾಸದಲ್ಲಿ ಪರಿವಿಡಿ ಮತ್ತು ಸೂಚಿಗಳು ಯುನಿಕೋಡ್‌ಗೆ ಮುಂಚಿನ ಕೋಡ್‌ಪೇಜ್‌ಗಳನ್ನು, ಅಂದರೆ ಒಂದೊಂದು ಭಾಷಾಗುಂಪಿಗೆ ಬೇರೆ ಬೇರೆಯಾಗಿದ್ದ ಅಕ್ಷರಸಂಕೇತಗಳ ಪಟ್ಟಿಗಳನ್ನು, ನೆಚ್ಚಿಕೊಂಡಿವೆ, ವಿಂಡೋಸ್‌ನಲ್ಲಿ ಕನ್ನಡಕ್ಕೆ ಅಂಥ ಎಎನ್‌ಎಸ್‌ಐ ಕೋಡ್‌ಪೇಜ್ ಇಲ್ಲ. ಪುಟದ ಒಳಗೆ ಕನ್ನಡ ಚೆನ್ನಾಗಿ ಕಾಣುತ್ತಿದ್ದರೂ ಎಡಬದಿಯ ಪರಿವಿಡಿಯಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಬರುವುದು ಇದೇ ಕಾರಣಕ್ಕೆ. ಕನ್ನಡದ ಸಹಾಯ ಪುಟಗಳಿಗೆ ವೆಬ್ ರೂಪದ ಹೆಲ್ಪ್ ಆರಿಸಿಕೊಳ್ಳುವುದೇ ಮೇಲು.

ಪ್ರಶ್ನೆ: ಸಿಎಚ್‌ಎಂ ಕಂಪೈಲ್ ಮಾಡುವಾಗ ಎಚ್‌ಎಚ್‌ಸಿ5010 ಎಂಬ ದೋಷ ಬಂದು ಕೆಲಸ ನಿಲ್ಲುತ್ತದೆ. ಟಾಪಿಕ್‌ಗಳೆಲ್ಲ ಸರಿಯಾಗಿ ಸೇವ್ ಆಗಿವೆ.

ಉತ್ತರ: ಹೋದ ಸಲ ಕಟ್ಟಿದ ಸಿಎಚ್‌ಎಂ ಎಲ್ಲೋ ತೆರೆದಿದೆ, ಅದರ ಮೇಲೆ ಹೊಸದನ್ನು ಬರೆಯಲು ಕಂಪೈಲರಿಗೆ ಆಗುತ್ತಿಲ್ಲ. ಪರೀಕ್ಷಿಸಲು ತೆರೆದ ಕಿಟಕಿ ಬೇರೆ ಕಿಟಕಿಗಳ ಹಿಂದೆ ಮರೆಯಾಗಿರಬಹುದು. ಕಿಟಕಿಯೇ ಕಾಣದಿದ್ದರೆ ಟಾಸ್ಕ್ ಮ್ಯಾನೇಜರಿನಲ್ಲಿ ಎಚ್‌ಎಚ್ ಎಂಬ ಪ್ರಕ್ರಿಯೆಯನ್ನು ಹುಡುಕಿ ಮುಗಿಸಿ.

ಪ್ರಶ್ನೆ: ನೂರಿಪ್ಪತ್ತು ಟಾಪಿಕ್‌ಗಳಲ್ಲಿ ಒಂದೇ ಒಂದು ಸೇವ್ ಆಗುತ್ತಿಲ್ಲ. ಫೈಲು ಅಮಾನ್ಯ ಅಕ್ಷರವನ್ನು ಹೊಂದಿದೆ ಎನ್ನುತ್ತದೆ. ಬರಹದಲ್ಲಿ ಅಂಥದ್ದೇನೂ ಕಾಣುವುದಿಲ್ಲ. ಅದರ ಒಂದು ಭಾಗವನ್ನು ಸ್ಲೈಡುಗಳಿಂದ ಕಾಪಿ ಮಾಡಿದ್ದೆ.

ಉತ್ತರ: ನೀವು ಕೊನೆಗೆ ಸೇರಿಸಿದ ಆ ಒಂದು ವಾಕ್ಯದಲ್ಲೇ ಉತ್ತರವಿದೆ. ಇಂದಿನ ಅನೇಕ ಹೆಲ್ಪ್ ತಂತ್ರಾಂಶಗಳು ಟಾಪಿಕ್‌ಗಳನ್ನು ಎಕ್ಸ್‌ಎಂಎಲ್ ಎಂಬ ಕಟ್ಟುನಿಟ್ಟಿನ ಟ್ಯಾಗ್ ಭಾಷೆಯ ನಿಯಮಕ್ಕೆ ಬದ್ಧವಾಗಿ ಉಳಿಸುತ್ತವೆ, ಮತ್ತು ನಿಯಮ ಮುರಿದ ಫೈಲನ್ನು ಬರೆಯಲು ಒಪ್ಪುವುದಿಲ್ಲ. 1998ರ ಎಕ್ಸ್‌ಎಂಎಲ್ 1.0ರ ಪ್ರಕಾರ 32ಕ್ಕಿಂತ ಕೆಳಗಿನ ನಿಯಂತ್ರಣ ಸಂಕೇತಗಳಲ್ಲಿ 9, 10 ಮತ್ತು 13 ಇವು ಮೂರಕ್ಕೆ ಮಾತ್ರ ಪ್ರವೇಶ. ಅವು ಟ್ಯಾಬ್ ಹಾಗೂ ಸಾಲು ಮುರಿಯುವ ಎರಡು ಗುರುತುಗಳು. ಸ್ಲೈಡುಗಳ ಶೀರ್ಷಿಕೆಯಲ್ಲಿ ಶಿಫ್ಟ್ ಹಿಡಿದು ಎಂಟರ್ ಒತ್ತಿ ಸಾಲು ಮುರಿದಿದ್ದರೆ ಅಲ್ಲಿ ಸಂಕೇತ 11 ಕುಳಿತಿರುತ್ತದೆ. ಪೇಸ್ಟ್ ಮಾಡಿದಾಗ ಅದೂ ಜೊತೆಯಲ್ಲೇ ಬರಬಹುದು, ಬಂದರೂ ಪರದೆಯ ಮೇಲೆ ಕಾಣುವುದಿಲ್ಲ.

ಹುಡುಕಲು ಹೀಗೆ ಮಾಡಿ. ಕೋಡ್ ನೋಟದಲ್ಲಿ ಸ್ಲೈಡಿನಿಂದ ತಂದ ಭಾಗದ ಅರ್ಧವನ್ನು ಕತ್ತರಿಸಿ ಬೇರೆಡೆ ಇಟ್ಟು ಸೇವ್ ಒತ್ತಿ. ಸೇವ್ ಆದರೆ ದೋಷ ಕತ್ತರಿಸಿದ ಭಾಗದಲ್ಲಿದೆ, ಆಗದಿದ್ದರೆ ಕತ್ತರಿಸದೆ ಬಿಟ್ಟ ಭಾಗದಲ್ಲಿ. ದೋಷವಿರುವ ಅರ್ಧವನ್ನು ಮತ್ತೆ ಅರ್ಧ ಮಾಡಿ. ನೂರು ಸಾಲುಗಳಿದ್ದರೂ ಏಳು ಸಲದೊಳಗೆ ಆ ಒಂದು ಸಾಲು ಸಿಗುತ್ತದೆ. ಸಿಕ್ಕ ಸಾಲನ್ನು ತಿದ್ದಲು ಹೋಗದೆ ಪೂರ್ತಿ ಅಳಿಸಿ, ಕೈಯಿಂದ ಹೊಸದಾಗಿ ಬೆರಳಚ್ಚಿಸಿ. ಕಾಣದ ಅಕ್ಷರವನ್ನು ಗುರಿಯಿಟ್ಟು ಅಳಿಸುವುದು ಯಾರಿಂದಲೂ ಸುಲಭವಲ್ಲ. ಅಲ್ಲಿ ಬಿಡಿಯಾಗಿ ನಿಂತ & ಚಿಹ್ನೆ ಇದ್ದರೂ ಇದೇ ಫಲ, ಕೋಡ್ ನೋಟದಲ್ಲಿ ಅದನ್ನು ಸರಿಯಾದ ರೂಪದಲ್ಲಿ ಬರೆಯಬೇಕು.

ಪ್ರಶ್ನೆ: ಎಲ್ಲ ತಡವಾಯಿತು. ಸೇವ್ ಆಗದ ಗೊಂದಲದಲ್ಲಿ ಪ್ರಾಜೆಕ್ಟ್ ಫೋಲ್ಡರೇ ಹಾಳಾಗಿದೆ, ಬ್ಯಾಕಪ್ ಇಲ್ಲ. ಗ್ರಾಹಕರಿಗೆ ಮೊದಲೇ ಕಳಿಸಿದ ಸಿಎಚ್‌ಎಂ ಫೈಲೊಂದು ಮಾತ್ರ ಉಳಿದಿದೆ.

ಉತ್ತರ: ಹಾಗಿದ್ದರೆ ಪೂರ್ತಿ ನಿರಾಶರಾಗಬೇಕಿಲ್ಲ. ಸಿಎಚ್‌ಎಂ ಎಂಬುದು ಟಾಪಿಕ್‌ಗಳನ್ನೂ ಚಿತ್ರಗಳನ್ನೂ ಅದುಮಿ ತುಂಬಿದ ಚೀಲ, ಅದನ್ನು ಬಿಚ್ಚುವ ವ್ಯವಸ್ಥೆ ವಿಂಡೋಸ್‌ನಲ್ಲೇ ಇದೆ. ಅಂಥ ಫೈಲುಗಳನ್ನು ತೆರೆದು ತೋರಿಸುವ ಎಚ್‌ಎಚ್ ಪ್ರೋಗ್ರಾಮನ್ನೇ ಕಮಾಂಡ್ ಪ್ರಾಂಪ್ಟಿನಲ್ಲಿ ಕರೆದು, ಅದರ ಮುಂದೆ ಕಿರುಗೆರೆಯೊಂದಿಗೆ ಡಿಕಂಪೈಲ್ ಎಂಬ ಇಂಗ್ಲಿಷ್ ಪದ, ಬಿಚ್ಚಿದ್ದನ್ನು ಹಾಕಬೇಕಾದ ಖಾಲಿ ಫೋಲ್ಡರು, ಕೊನೆಗೆ ಸಿಎಚ್‌ಎಂ ಫೈಲಿನ ಹೆಸರು, ಇಷ್ಟನ್ನು ಕೊಡಬೇಕು. ಫೈಲನ್ನು ಮೊದಲು ನಿಮ್ಮ ಸ್ವಂತ ಡಿಸ್ಕಿಗೆ, ಖಾಲಿ ಜಾಗಗಳಿಲ್ಲದ ಚಿಕ್ಕ ಹೆಸರಿನ ಫೋಲ್ಡರಿಗೆ ಕಾಪಿ ಮಾಡಿಕೊಂಡರೆ ತೊಡಕಿಲ್ಲ. ಟಾಪಿಕ್‌ಗಳು ಎಚ್‌ಟಿಎಂಎಲ್ ಫೈಲುಗಳಾಗಿ, ಚಿತ್ರಗಳು ಚಿತ್ರಗಳಾಗಿ ಹೊರಬರುತ್ತವೆ. ಅವುಗಳನ್ನು ಹೊಸ ಪ್ರಾಜೆಕ್ಟ್‌ಗೆ ಇಂಪೋರ್ಟ್ ಮಾಡಿಕೊಳ್ಳಬಹುದು. ನೀವು ಬಳಸಿದ್ದ ವೇರಿಯಬಲ್‌ಗಳು, ಷರತ್ತಿನ ಮೇಲೆ ತೋರಿಸುವ ಭಾಗಗಳು, ಹಲವು ಟಾಪಿಕ್‌ಗಳಲ್ಲಿ ಹಂಚಿಕೊಂಡಿದ್ದ ತುಣುಕುಗಳು ಮಾತ್ರ ಆ ರೂಪದಲ್ಲಿ ಮರಳಿ ಬರುವುದಿಲ್ಲ. ಕಂಪೈಲ್ ಆಗುವ ಮೊದಲೇ ಅವು ಸಾದಾ ಬರಹವಾಗಿ ಕರಗಿರುತ್ತವೆ. ಗ್ರಾಹಕರ ಪ್ರತಿಗೆ ಬೇಡವೆಂದು ಷರತ್ತಿನಲ್ಲಿ ಅಡಗಿಸಿದ್ದ ಭಾಗಗಳಂತೂ ಆ ಫೈಲಿನಲ್ಲಿ ಇರುವುದೇ ಇಲ್ಲ, ಅವುಗಳನ್ನು ಹೊಸದಾಗಿಯೇ ಬರೆಯಬೇಕಾಗುತ್ತದೆ.